ತೈಪೆ ಟೈಮ್ಸ್‌ನ ದ್ವಿಭಾಷಾ ಪುಟ: ನಾಲ್ಕು ವರ್ಷ ಓದಿದ ಮೇಲೆ

ತೈವಾನಿನ ಶಿನ್‌ಚು ವಿಜ್ಞಾನ ಪಾರ್ಕ್‌ನಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಪಕ್ಕದ ಮೇಜಿನ ಸ್ಥಳೀಯ ಸಹೋದ್ಯೋಗಿಯೊಬ್ಬರೂ ನಾನೂ ಒಂದು ಒಪ್ಪಂದಕ್ಕೆ ಬಂದೆವು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ನಾನು ಅವರಿಗೆ ಇಂಗ್ಲಿಷ್ ಸುದ್ದಿಯನ್ನು ಬಿಡಿಸಿ ಹೇಳಬೇಕು, ಅದೇ ಸುದ್ದಿಯನ್ನು ಅವರು ನನಗೆ ಚೀನೀ ಭಾಷೆಯಲ್ಲಿ ಓದಿಸಬೇಕು. ಇದಕ್ಕೆ ನಾವು ಆರಿಸಿಕೊಂಡದ್ದು 1999ರಲ್ಲಿ ಆರಂಭವಾದ ಇಂಗ್ಲಿಷ್ ದಿನಪತ್ರಿಕೆ ತೈಪೆ ಟೈಮ್ಸ್‌ನ ದ್ವಿಭಾಷಾ ಪುಟವನ್ನು. ಅಲ್ಲಿ ಒಂದೇ ಸುದ್ದಿ ಇಂಗ್ಲಿಷಿನಲ್ಲೂ ಸಾಂಪ್ರದಾಯಿಕ ಲಿಪಿಯ ಚೀನೀಯಲ್ಲೂ ಇರುತ್ತದೆ. 'ಇಂದಿನ ಪದಗಳು' ಎಂಬ ಪುಟ್ಟ ಪಟ್ಟಿಯಲ್ಲಿ ಕಷ್ಟದ ಇಂಗ್ಲಿಷ್ ಪದಗಳಿಗೆ ಚೀನೀ ಅರ್ಥ ಕೊಟ್ಟಿರುತ್ತಾರೆ.

ಪದಸಂಪತ್ತಿನ ಮಟ್ಟಿಗೆ ಈ ಪುಟದಿಂದ ಆದ ಲಾಭ ದೊಡ್ಡದು. ಪಟ್ಟಿಯನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದವರಿಗೆ 'ಪ್ರೋಬ್' ಎಂದರೆ ತನಿಖೆ ಎಂಬುದು ಗೊತ್ತಿರಬಹುದು, ಆದರೆ ಅದು ಯಾವ ಬಗೆಯ ಸುದ್ದಿಯಲ್ಲಿ, ಯಾವ ಪದದ ಪಕ್ಕದಲ್ಲಿ ಕೂರುತ್ತದೆ ಎಂಬುದು ಹತ್ತಾರು ಬಾರಿ ಸುದ್ದಿಯಲ್ಲೇ ಕಂಡಾಗ ಮಾತ್ರ ಮನಸ್ಸಿನಲ್ಲಿ ನಿಲ್ಲುತ್ತದೆ. ಸಂಖ್ಯೆಗಳ ವಿಷಯವೂ ಹಾಗೆಯೇ. ಚೀನೀ ಎಣಿಕೆ ಹತ್ತು ಸಾವಿರದ 'ವಾನ್' ಮತ್ತು ಹತ್ತು ಕೋಟಿಯ 'ಯಿ' ಎಂಬ ಮೆಟ್ಟಿಲುಗಳಲ್ಲಿ ಏರುವುದರಿಂದ, 1.4 ಬಿಲಿಯನ್ ಎಂದೊಡನೆ ಅವರು ಬೆರಳು ಮಡಚಿ 14 ಯಿ ಎನ್ನುತ್ತಿದ್ದರು, ನಾನು ಒಳಗೊಳಗೇ 140 ಕೋಟಿ ಎಂದುಕೊಳ್ಳುತ್ತಿದ್ದೆ. ಬಿಲಿಯನ್ ಇಬ್ಬರಿಗೂ ಪರಕೀಯವೇ.

ಆದರೆ ಸುದ್ದಿಯಿಂದ ಭಾಷೆ ಕಲಿಯುವವರು ಒಂದು ಎಚ್ಚರ ವಹಿಸಬೇಕು. ಚೀನೀ ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ, ಇಂಗ್ಲಿಷಿನ 'ಎ', 'ದಿ'ಗಳಂಥವೂ ಆ ಭಾಷೆಯಲ್ಲಿಲ್ಲ. ನಡೆದುಹೋದದ್ದನ್ನು ವರ್ತಮಾನದಲ್ಲಿ ಹೇಳುವ, 'ಎ', 'ದಿ'ಗಳನ್ನು ಕೈಬಿಡುವ ಇಂಗ್ಲಿಷ್ ಶೀರ್ಷಿಕೆಗಳು ಅವರಿಗೆ ತವರುಮನೆಯಷ್ಟು ಹಿತವೆನಿಸಿದವು. ಪರಿಣಾಮವಾಗಿ ಮೊದಲ ಆರು ತಿಂಗಳು ಅವರ ಇಮೇಲ್‌ಗಳೆಲ್ಲ 'ಕಸ್ಟಮರ್ ಸ್ಲ್ಯಾಮ್ಸ್ ಡಿಲೇ' ಎಂಬ ಧಾಟಿಯಲ್ಲಿದ್ದವು. ಗ್ರಾಹಕರು ತುಸು ಬೇಸರಪಟ್ಟಿದ್ದಷ್ಟೇ ನಿಜ. ಓದಿದವರಿಗೆ ಮಾತ್ರ ದೊಡ್ಡ ಜಗಳವೇ ನಡೆದಂತೆ ತೋರುತ್ತಿತ್ತು. ಆಮೇಲೆ ನಾವು ಶೀರ್ಷಿಕೆಯನ್ನು ಕೊನೆಯಲ್ಲಿ ಓದುವ ಕ್ರಮ ಇಟ್ಟುಕೊಂಡೆವು, ಅದನ್ನು ಪೂರ್ಣ ವಾಕ್ಯವಾಗಿ ಬಿಡಿಸಿ ಬರೆಯುವುದು ಅವರ ಪಾಲಿನ ಕೆಲಸವಾಯಿತು.

ಈ ಪುಟದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ನುಡಿಗಟ್ಟುಗಳ ಅಂಕಣ. ನಾಲ್ಕು ಅಕ್ಷರಗಳ ಚೀನೀ ನುಡಿಗಟ್ಟಾದ 'ಚೆಂಗ್‌ಯು' ಒಂದನ್ನು ತೆಗೆದುಕೊಂಡು, ಅದರ ಹಿಂದಿನ ಕಥೆಯನ್ನು ಹೇಳಿ, ಹತ್ತಿರದ ಇಂಗ್ಲಿಷ್ ಮಾತಿನೊಂದಿಗೆ ಹೋಲಿಸುವುದು ಅದರ ರೀತಿ. ಇಂಥ ವಿವರಣೆಯ ಬೆಲೆ ನಮಗೆ ತಿಳಿದದ್ದು ಬೇರೊಂದು ಕಡೆ ಪೆಟ್ಟು ತಿಂದ ಮೇಲೆ. ಹಣ ಕೊಟ್ಟು ಕೊಂಡಿದ್ದ ಒಂದು ಪದಾಭ್ಯಾಸದ ಆ್ಯಪ್, ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ಹಾಕುವುದು ಎಂಬ ಇಂಗ್ಲಿಷ್ ಮಾತಿಗೆ 'ವಾಂಗ್ ಯಾಂಗ್ ಬು ಲಾವ್', ಅಂದರೆ ಕುರಿ ಕಳೆದ ಮೇಲೆ ದೊಡ್ಡಿ ಸರಿಪಡಿಸುವುದು, ಎಂಬ ಒಂದೇ ಸಾಲಿನ ಅರ್ಥ ಕೊಟ್ಟಿತ್ತು. ಹೊರನೋಟಕ್ಕೆ ಎರಡೂ ಅವಳಿ ಮಕ್ಕಳು. ಆದರೆ ಪ್ರಾಚೀನ 'ಝಾನ್ ಗ್ವೊ ತ್ಸ' ಗ್ರಂಥದಲ್ಲಿ ಚು ರಾಜ್ಯದ ಮಂತ್ರಿ ಅರಸನಿಗೆ ಈ ಮಾತು ಹೇಳುವುದು ಧೈರ್ಯ ತುಂಬಲಿಕ್ಕೆ: ಈಗ ಸರಿಪಡಿಸಿದರೂ ತಡವಾಗಿಲ್ಲ ಎಂದು. ಇಂಗ್ಲಿಷ್ ಮಾತು ನಮ್ಮ 'ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು' ಎಂಬ ಗಾದೆಯ ಹಾಗೆ ಬರೀ ಮೂದಲಿಕೆ. ತಪ್ಪು ತಿದ್ದಿಕೊಂಡ ಬಿಡಿಭಾಗ ಪೂರೈಕೆದಾರರನ್ನು ಹೊಗಳಬೇಕೆಂದು ನನ್ನ ಸಹೋದ್ಯೋಗಿ ಕುದುರೆಯ ಮಾತನ್ನು ಬರೆದು ಕಳುಹಿಸಿಯೇಬಿಟ್ಟರು. ಮರುದಿನ ಬಂದ ಉತ್ತರ ಬಹಳ ಚಿಕ್ಕದಾಗಿತ್ತು.

ಎಲ್ಲ ಜೋಡಿಗಳೂ ಇಷ್ಟು ಅಪಾಯಕಾರಿಯಲ್ಲ. ಉರಿಯುವ ಬೆಂಕಿಗೆ ನಾವು ತುಪ್ಪ ಸುರಿದರೆ ಅವರು 'ಹುವೋ ಶಾಂಗ್ ಜ್ಯಾ ಯೋ' ಎಂದು ಎಣ್ಣೆ ಸೇರಿಸುತ್ತಾರೆ, ಇಂಗ್ಲಿಷಿನವರು ಇಂಧನ ಹಾಕುತ್ತಾರೆ, ಅರ್ಥ ಕದಲುವುದಿಲ್ಲ. ಅದೇ 'ಜ್ಯಾ ಯೋ' ಒಂಟಿಯಾಗಿ ಬಂದರೆ ಮಾತ್ರ ಹುರಿದುಂಬಿಸುವ ಕೂಗು. ಅದರ ಅಕ್ಷರಶಃ ಅನುವಾದವಾದ 'ಆ್ಯಡ್ ಆಯಿಲ್' 2018ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೂ ಸೇರಿತು ಎಂದು ತಿಳಿದ ದಿನ ಅವರು ನನಗೆ ಚಹಾ ಕೊಡಿಸಿದರು.

ಇದು ಆರಂಭಿಕರಿಗೆ ಹೇಳಿದ ಪುಟವಲ್ಲ. ಅಂಥವರಿಗೆ ಸುಮಾರು 1,500 ಪದಗಳ ಮಿತಿಯಲ್ಲಿ, ನಿಧಾನಗತಿಯಲ್ಲಿ ಓದುವ ಕ್ರಮವನ್ನು 1959ರಲ್ಲಿ ಆರಂಭಿಸಿದ ವಾಯ್ಸ್ ಆಫ್ ಅಮೆರಿಕದ ಪಾಠಗಳೇ ವಾಸಿ. 2025ರ ಮಾರ್ಚ್‌ನಲ್ಲಿ ಆ ಸಂಸ್ಥೆಯ ಪ್ರಸಾರ ಸ್ಥಗಿತಗೊಂಡಾಗಿನಿಂದ, ಉಚ್ಚಾರಣೆಯ ಅಭ್ಯಾಸಕ್ಕೆ ನಾವು ಮೊದಲೇ ಇಳಿಸಿಕೊಂಡಿದ್ದ ಧ್ವನಿಮುದ್ರಣಗಳನ್ನೇ ನೆಚ್ಚಿಕೊಂಡಿದ್ದೇವೆ. ಮಧ್ಯಮ ಹಂತ ದಾಟಿದ ಚೀನೀ ಭಾಷಿಕರಿಗೆ, ದಿನಕ್ಕೆ ಒಂದೇ ಸುದ್ದಿ ಎಂಬ ನಿಯಮದೊಂದಿಗೆ, ಈ ಪುಟವನ್ನು ನಾನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಈಗ ಮೂರು ಕಾಲಂಗಳಿವೆ: ಕುದುರೆ ಮತ್ತು ಕುರಿಯ ಪಕ್ಕದಲ್ಲಿ ದಿಡ್ಡಿ ಬಾಗಿಲಿನ ಚಿತ್ರವೊಂದನ್ನು ಅವರೇ ಬರೆದಿದ್ದಾರೆ.