ಹಳೆಯ ಗ್ರಾನೈಟ್ ಚಪ್ಪಡಿಯನ್ನು ಅಡುಗೆಮನೆಯ ಕಟ್ಟೆಗೆ ಹಾಸುವ ಮುನ್ನ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆ ಕೆಡವಿದಾಗ ಸಿಗುವ ಬಾಗಿಲು, ತೊಲೆ, ಕಲ್ಲುಗಳನ್ನು ತಂದು ಅಡುಗೆಮನೆಯ ನಡುವೆ ಕಿಚನ್ ಐಲ್ಯಾಂಡ್ ಕಟ್ಟಿಕೊಳ್ಳಬೇಕೆಂದು ಯೋಚಿಸುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ನಮ್ಮ ಮನೆಯಲ್ಲಿ ಅಂಥದೇ ಒಂದು ಕಟ್ಟೆಯ ಚಪ್ಪಡಿ ಮುರಿದು ನನ್ನ ಅತ್ತೆಯವರ ಪಾದದ ಮೇಲೆ ಬಿದ್ದಿತು. ಎರಡು ಬೆರಳುಗಳ ಮೂಳೆ ಮುರಿದಿದೆ. ಸಕ್ಕರೆ ಕಾಯಿಲೆಯೂ ಇರುವುದರಿಂದ ಗಾಯ ಮಾಯಲು ಬಹಳ ಕಾಲ ಹಿಡಿಯಿತು, ಇಂದಿಗೂ ಅವರು ಗೋಡೆ ಹಿಡಿದೇ ನಡೆಯುತ್ತಾರೆ.

ಕಟ್ಟೆಯ ಕೆಳಭಾಗವನ್ನು ಹಳೆಯ ತೇಗದ ಬಾಗಿಲುಗಳಿಂದ ಮಾಡಿಸಿದ್ದೆವು, ಅದರಲ್ಲಿ ದೋಷವಿರಲಿಲ್ಲ. ಮೇಲಿನದು ಬೇರೊಂದು ಅಡುಗೆಮನೆಯಿಂದ ಕಿತ್ತು ತಂದ ಕಪ್ಪು ಗ್ರಾನೈಟ್, 6 ಅಡಿ ಉದ್ದ, ಎರಡೂವರೆ ಅಡಿ ಅಗಲ. ಒಲೆ ಕೂರಿಸಲು ಮೊದಲೇ ಕೊರೆದಿದ್ದ ಚೌಕಾಕಾರದ ಕಿಂಡಿಯೊಂದು ಅದರಲ್ಲಿತ್ತು. ಅಲ್ಲಿಗೆ ಇಂಡಕ್ಷನ್ ಒಲೆ ಸರಿಯಾಗಿ ಕೂರುತ್ತದೆಂದು ನಮಗೆ ಅನುಕೂಲವೇ ಅನಿಸಿತು. ಹಳೆ ಸಾಮಾನು ಮಾರುವವರು ಕಲ್ಲಿನ ಮೇಲೆ ಅಂಗೈಯಿಂದ ತಟ್ಟಿ, "ಇದು ಚಾಮರಾಜನಗರದ ಕಲ್ಲಮ್ಮ, ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಏನೂ ಆಗೋದಿಲ್ಲ" ಎಂದರು. ಕುಳಿತು ತಿಂಡಿ ತಿನ್ನಲು ಅನುಕೂಲವಾಗಲೆಂದು ಒಂದು ಬದಿಯಲ್ಲಿ ಕಲ್ಲನ್ನು ಒಂದು ಅಡಿಯಷ್ಟು ಹೊರಕ್ಕೆ ಚಾಚಿ ಕೂರಿಸಲಾಯಿತು. ಕೆಳಗೆ ಆಧಾರ ಬೇಡವೇ ಎಂದು ನನ್ನ ಯಜಮಾನರು ಕೇಳಿದಾಗ, ಗ್ರಾನೈಟಿಗೆ ಯಾರೂ ಆಧಾರ ಕೊಡುವುದಿಲ್ಲ ಎಂದು ಕೂರಿಸಿದವರು ಹೇಳಿದರು.

ಕೆಲವು ತಿಂಗಳು ಎಲ್ಲವೂ ಚೆನ್ನಾಗಿಯೇ ಇತ್ತು. ಒಂದು ಮಧ್ಯಾಹ್ನ ಅತ್ತೆಯವರು ಮುದ್ದೆಯ ಪಾತ್ರೆಯನ್ನು ಒಲೆಯಿಂದ ಇಳಿಸಿ, ಆ ಹೊರಚಾಚಿದ ಅಂಚಿನ ಮೇಲಿಟ್ಟು, ಕೋಲಿನಿಂದ ಹಿಟ್ಟನ್ನು ತೊಳಸುತ್ತಿದ್ದರು. ಮುದ್ದೆ ಗಂಟಾಗದಂತೆ ತೊಳಸಬೇಕಾದರೆ ಮೈಭಾರವನ್ನೆಲ್ಲ ಕೋಲಿನ ಮೇಲೆ ಹಾಕಲೇಬೇಕು. ಕಿಂಡಿಯ ಮೂಲೆಯಿಂದ ಅಂಚಿನವರೆಗೆ ಕಲ್ಲು ಒಮ್ಮೆಲೇ ಬಿಟ್ಟುಕೊಂಡು, ಪಾತ್ರೆಯ ಸಮೇತ ಕೆಳಗೆ ಬಂತು.

ಮುರಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದಾಗ ವಿಷಯ ತಿಳಿಯಿತು. ಮುರಿದ ಮುಖದ ಒಂದು ಭಾಗದಲ್ಲಿ ಕಲ್ಲಿನ ಹರಳುಗಳು ಹೊಸದಾಗಿ ಮಿನುಗುತ್ತಿದ್ದವು. ಕಿಂಡಿಯ ಮೂಲೆಗೆ ಹತ್ತಿದ ಇನ್ನೊಂದು ಭಾಗ ಮಾತ್ರ ಎಣ್ಣೆ ಹೀರಿದಂತೆ ಕಂದಾಗಿತ್ತು. ಅದರ ಮೇಲೆ ಉಗುರಿಗೆ ಸಿಗುವಷ್ಟು ದಪ್ಪದ, ಹಳದಿ ಬಣ್ಣದ ಅಂಟಿನ ಪದರವಿತ್ತು. ಅಂದರೆ ಕಲ್ಲು ಹಳೆಯ ಮನೆಯಲ್ಲಿಯೇ ಅಥವಾ ಕೀಳುವಾಗಲೇ ಸೀಳಿತ್ತು, ಆ ಸೀಳಿಗೆ ಎಪಾಕ್ಸಿ ತುಂಬಿ, ಮೇಲೆ ಕಪ್ಪು ಪಾಲಿಶ್ ಎಳೆದು ನಮಗೆ ಮಾರಲಾಗಿತ್ತು. ಇಂಥ ಅಂಟು ಬಿಸಿ ತಗುಲಿದರೆ ಮೆದುವಾಗುತ್ತದೆ, ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡದ ದಿನವೇ ಇಲ್ಲ.

ಗ್ರಾನೈಟ್ ಗಟ್ಟಿ ಎಂಬ ನಂಬಿಕೆಯೇ ಇಲ್ಲಿ ಮೋಸ ಮಾಡುತ್ತದೆ. ಮೇಲಿನಿಂದ ಒತ್ತುವ ಭಾರವನ್ನು ಅದು ಚೆನ್ನಾಗಿ ತಡೆಯುತ್ತದೆ, ಆದರೆ ಬಾಗಿಸುವ ಭಾರವನ್ನು ತಡೆಯುವ ಶಕ್ತಿ ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಹೊರಚಾಚಿದ ಅಂಚಿನ ಮೇಲೆ ಭಾರ ಬಿದ್ದಾಗ ಕಲ್ಲಿನ ಮೇಲ್ಮೈ ಎಳೆತಕ್ಕೆ ಸಿಲುಕುತ್ತದೆ. ಕಿಂಡಿಯ ಮೂಲೆಯನ್ನು ದುಂಡಗೆ ಕೊರೆಯದೆ ಚೂಪಾಗಿ ಬಿಟ್ಟಿದ್ದರೆ ಆ ಎಳೆತವೆಲ್ಲ ಅಲ್ಲಿಯೇ ಸೇರಿ ಸೀಳು ಹುಟ್ಟುತ್ತದೆ. 20 ಮಿಲಿಮೀಟರ್ ದಪ್ಪದ ಗ್ರಾನೈಟ್ ಒಂದು ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ, ಆದ್ದರಿಂದ ನಮ್ಮ ಚಪ್ಪಡಿಯಂಥದು ಹತ್ತಿರ ಹತ್ತಿರ 75 ಕಿಲೋ. ಅದರ ಐದನೆಯ ಒಂದು ಪಾಲು ಬಿದ್ದರೂ ಪಾದಕ್ಕೆ ಏನಾಗುತ್ತದೆಂದು ನಾವು ನೋಡಿದ್ದೇವೆ.

ಬಳಸಿದ ಚಪ್ಪಡಿಯನ್ನು ಕೊಳ್ಳಲೇಬೇಕಾದರೆ ಅಂಗಡಿಯಲ್ಲಿಯೇ, ಹಗಲು ಬೆಳಕಿನಲ್ಲಿ ಪರೀಕ್ಷಿಸಿ. ಮೇಲ್ಮೈಯನ್ನು ಸೋಪಿನ ನೀರಿನಿಂದ ಉಜ್ಜಿ ಎಣ್ಣೆ ಮತ್ತು ಪಾಲಿಶ್ ತೆಗೆಸಿ, ಮತ್ತೆ ನೀರು ಹಾಕಿ, ಬಟ್ಟೆಯಿಂದ ಒರೆಸಿ ಸ್ವಲ್ಪ ಹೊತ್ತು ಕಾಯಬೇಕು. ಕಲ್ಲೆಲ್ಲ ಒಣಗಿದರೂ ಸೀಳಿನೊಳಗೆ ನೀರು ಉಳಿಯುವುದರಿಂದ ಅಲ್ಲಿ ಒದ್ದೆಯ ಗೆರೆಯೊಂದು ಕಾಣುತ್ತದೆ. ಪಾಲಿಶ್ ಮಾಡದ ಹಿಂಬದಿಯಲ್ಲಿ ಇದು ಇನ್ನೂ ಸ್ಪಷ್ಟ, ಹಾಗಾಗಿ ಚಪ್ಪಡಿಯನ್ನು ತಿರುಗಿಸಿ ತೋರಿಸಲು ಒಪ್ಪದವರಿಂದ ಕೊಳ್ಳಬೇಡಿ. ಆಮೇಲೆ ಮರದ ಸುತ್ತಿಗೆಯಿಂದ ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಹೋಗಿ: ಸರಿಯಿರುವ ಕಲ್ಲು ಕಣಕಣ ಎನ್ನುತ್ತದೆ, ಸೀಳಿರುವ ಕಡೆ ಸದ್ದು ಮಂದವಾಗುತ್ತದೆ. ಮೊದಲೇ ಕಿಂಡಿ ಕೊರೆದ ಚಪ್ಪಡಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡವೆಂಬುದು ನನ್ನ ಖಚಿತ ಅಭಿಪ್ರಾಯ.

ಕೂರಿಸುವಾಗ ಚಪ್ಪಡಿಯ ಕೆಳಗೆ ಪೂರ್ತಿಯಾಗಿ ದಪ್ಪ ಪ್ಲೈವುಡ್ ಹಾಸಿಸಿ. 20 ಮಿಲಿಮೀಟರ್ ಕಲ್ಲನ್ನು ಆಧಾರವಿಲ್ಲದೆ 6 ಅಂಗುಲಕ್ಕಿಂತ ಹೆಚ್ಚು ಹೊರಕ್ಕೆ ಬಿಡಬಾರದೆಂಬುದು ಈ ಕೆಲಸದಲ್ಲಿ ರೂಢಿಯಲ್ಲಿರುವ ಅಳತೆ. ಅದಕ್ಕೂ ಹೆಚ್ಚು ಬೇಕಾದರೆ ಕಬ್ಬಿಣದ ಬ್ರಾಕೆಟ್‌ಗಳನ್ನು ಕಟ್ಟೆಯ ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿಸಲೇಬೇಕು.

ಹಳೆಯ ಬಾಗಿಲುಗಳ ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸದ ಪ್ರಮಾಣ 90 ಪಿಪಿಎಂ (ಅಂದರೆ ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಬಂದದ್ದು 2016ರಲ್ಲಿ, ಜಾರಿಯಾದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದಲ್ಲಿ ಸೀಸ ಬಹಳವೇ ಇದ್ದಿರಬಹುದು, ಒಣಗಿದ ಬಣ್ಣವನ್ನು ಮನೆಯೊಳಗೆ ಉಜ್ಜಿದರೆ ಅದರ ಧೂಳು ಮಕ್ಕಳ ಹೊಟ್ಟೆ ಸೇರುತ್ತದೆ. ಆ ಕೆಲಸವನ್ನು ಮನೆಯ ಹೊರಗೆ, ಮರವನ್ನು ಒದ್ದೆ ಮಾಡಿಕೊಂಡೇ ಮಾಡಿಸಬೇಕು.

ಮಾರಿದವರ ಬಳಿ ಹೋದಾಗ, ಹಳೆ ಸಾಮಾನಿಗೆ ಗ್ಯಾರಂಟಿ ಇಲ್ಲವೆಂದಷ್ಟೇ ಹೇಳಿ ಕಳಿಸಿದರು. ಬಿಲ್ ಕೊಟ್ಟಿರಲಿಲ್ಲವಾದ್ದರಿಂದ ಗ್ರಾಹಕರ ವೇದಿಕೆಗೆ ದೂರು ಕೊಡಲು ನಮ್ಮ ಕೈಯಲ್ಲಿ ಕಾಗದವೊಂದೂ ಇರಲಿಲ್ಲ. ಚಪ್ಪಡಿಯ ಅಳತೆ, ದಪ್ಪ ಮತ್ತು "ಸೀಳಿಲ್ಲ" ಎಂಬ ಮಾತನ್ನು ಬಿಲ್ಲಿನಲ್ಲಿ ಬರೆಸಿಕೊಂಡ ಮೇಲೆಯೇ ಹಣ ಕೊಡಿ. ಈಗಾಗಲೇ ಇಂಥ ಕಟ್ಟೆ ಇರುವವರು ಒದ್ದೆ ಬಟ್ಟೆಯ ಪರೀಕ್ಷೆಯನ್ನು ಇಂದೇ ಮಾಡಿ ನೋಡಿ, ಬ್ರಾಕೆಟ್ ಹಾಕಿಸುವವರೆಗೆ ಆ ಅಂಚಿನ ಕೆಳಗೆ ಮಕ್ಕಳು ಕೂರದಂತೆ ನೋಡಿಕೊಳ್ಳಿ.