ಕಂಪ್ಯೂಟರ್ ಕ್ಲಾಸು, ಗುಂಡಿ ಫೋನು, ಟಚ್ ಫೋನು: ಮೂರರಲ್ಲೂ ಇಂಟರ್ನೆಟ್ ಕಲಿತು ನೋಡಿದ ಟೈಲರಮ್ಮನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟಚ್ ಫೋನಿಗೆ. 8,500 ರೂಪಾಯಿಯದ್ದು. ಅದಕ್ಕಿಂತ ಮುಂಚೆ ಕಂಪ್ಯೂಟರ್ ಕ್ಲಾಸಿಗೆ 3,500, ಇಂಟರ್ನೆಟ್ ಬರುವ ಗುಂಡಿ ಫೋನಿಗೆ 2,000 ಸುರಿದೆ. ಒಂದು ಲೈನಿಂಗ್ ಬ್ಲೌಸಿಗೆ ನಾನು ತೆಗೆದುಕೊಳ್ಳೋದು 350. ಅಂದರೆ ಹತ್ತಿರ ಹತ್ತಿರ 16 ಬ್ಲೌಸಿನ ಕೂಲಿ ನೀರಿಗೆ ಹೋಯಿತು. ನಿಮ್ಮದು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನಗೆ 57 ವರ್ಷ. ಹಾಸನದಲ್ಲಿ ಮನೆಯ ಮುಂದಿನ ಕೋಣೆಯಲ್ಲೇ 26 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ. ಕನ್ನಡ ಪೇಪರ್ ಆದರೆ ಕೊನೇ ಪುಟದವರೆಗೂ ಓದುತ್ತೇನೆ. ಇಂಗ್ಲಿಷ್ ಮಾತ್ರ ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಬೇಕು. ಇಂಟರ್ನೆಟ್ ಕಲಿತಿದ್ದು ಆಸೆಗಲ್ಲ, ಹೊಟ್ಟೆಪಾಡಿಗೆ. ಮೊದಲೆಲ್ಲ ಗಿರಾಕಿಗಳು ಅಳತೆ ಬ್ಲೌಸ್ ತಂದು, ಬೆನ್ನು ಇಷ್ಟು ಆಳ ಅಂತ ಬೆರಳಿಟ್ಟು ತೋರಿಸಿ ಹೋಗುತ್ತಿದ್ದರು. ಆಮೇಲೆ "ಆಂಟಿ, ಡಿಸೈನ್ ವಾಟ್ಸಾಪ್ ಮಾಡ್ತೀನಿ" ಅನ್ನೋಕೆ ಶುರು ಮಾಡಿದರು. ವಾಟ್ಸಾಪ್ ಇಲ್ಲ ಕಣಮ್ಮ ಅಂದರೆ ಮುಂದಿನ ಸಲ ಅವರು ಪಕ್ಕದ ರಸ್ತೆಯ ಟೈಲರ್ ಮನೆಯಲ್ಲಿ ಇರುತ್ತಿದ್ದರು.

ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದು 2022 ರಲ್ಲಿ. ಮೂರು ತಿಂಗಳು, ದಿನಾ ಸಂಜೆ ಒಂದು ಗಂಟೆ. ಸುತ್ತ ಪಿಯುಸಿ ಮುಗಿಸಿದ ಹುಡುಗರು, ಮಧ್ಯದಲ್ಲಿ ನಾನು. ಮೊದಲ ತಿಂಗಳು ಪೂರ್ತಿ ಪೇಂಟ್ ಅನ್ನೋ ಚಿತ್ರ ಬರೆಯೋ ಪ್ರೋಗ್ರಾಮಲ್ಲಿ ಮನೆ, ಸೂರ್ಯ, ತೆಂಗಿನ ಮರ ಬರೆಸಿದರು. ಮೌಸ್ ಹಿಡಿಯೋದು ಅಭ್ಯಾಸ ಆಗಲಿ ಅಂತ ಇರಬಹುದು. ನನಗೆ ಡಬಲ್ ಕ್ಲಿಕ್ ಬರಲೇ ಇಲ್ಲ. ಒಂದು ಸಲ ಒತ್ತಿ, ಇನ್ನೊಂದು ಸಲ ಒತ್ತೋಷ್ಟರಲ್ಲಿ ಮೌಸ್ ಸರಿದಿರುತ್ತಿತ್ತು.

ಒಂದು ಮಾತ್ರ ಚೆನ್ನಾಗಿ ಹೇಳಿಕೊಟ್ಟರು: ನುಡಿ, ಅಂದರೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯೋ ತಂತ್ರಾಂಶ. ಅದರ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸ. ಇಂಗ್ಲಿಷಿನ ಎಫ್ ಕೀ ಒತ್ತಿದರೆ ಒತ್ತಕ್ಷರ ಬರುತ್ತೆ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ 'ಕನ್ನಡ' ಅಂತ ಪರದೆ ಮೇಲೆ ಮೂಡಿತು. ಡಬ್ಲ್ಯೂ ಒತ್ತಿದರೆ 'ಡ' ಯಾಕೆ ಬರುತ್ತೆ ಅಂತ ಇವತ್ತಿಗೂ ತಲೆಗೆ ಹೋಗಿಲ್ಲ. ಆದರೂ ಅವತ್ತು ಸಂಜೆ ಮನೆಗೆ ಬಂದು ಎಲ್ಲರ ಹತ್ತಿರ ಹೇಳಿಕೊಂಡೆ.

ಇಂಟರ್ನೆಟ್ ಅಂತ ಬಂದಿದ್ದು ಮೂರನೇ ತಿಂಗಳ ಕೊನೇ ವಾರ. ಒಂದು ಇಮೇಲ್ ಮಾಡಿಕೊಟ್ಟರು, ನೋಟ್ ಪುಸ್ತಕದಲ್ಲಿ ಪಾಸ್‌ವರ್ಡ್ ಬರೆಸಿದರು, ಸರ್ಟಿಫಿಕೇಟ್ ಕೊಟ್ಟರು. ಮನೆಗೆ ಬಂದರೆ ಕಂಪ್ಯೂಟರ್ ಎಲ್ಲಿದೆ? ಮನೆಯಲ್ಲಿ ಮಿಷನ್ ಇಲ್ಲದೆ ಹೊಲಿಗೆ ಕ್ಲಾಸಿಗೆ ಹೋದ ಹಾಗಾಯಿತು. ಎರಡು ತಿಂಗಳಿಗೆ ಎಲ್ಲಾ ಮರೆತೆ. ಇನ್ನೊಂದು ಎಡವಟ್ಟು ಗೊತ್ತಾಗಿದ್ದು ವರ್ಷಗಳ ಮೇಲೆ. ಆ ಇಮೇಲನ್ನು ಫೋನಿಗೆ ಹಾಕೋಕೆ ಹೋದರೆ ಓಟಿಪಿ ಬರುತ್ತಿದ್ದದ್ದು ಕ್ಲಾಸಿನ ಸರ್ ನಂಬರಿಗೆ. ಎಲ್ಲರದ್ದಕ್ಕೂ ಅವರದೇ ನಂಬರ್ ಕೊಟ್ಟಿದ್ದರಂತೆ. ಅವರು ಊರು ಬಿಟ್ಟು ಹೋಗಿ ಆಗಿತ್ತು. ಯಾರೇ ಇಮೇಲ್ ಮಾಡಿಕೊಟ್ಟರೂ ನಿಮ್ಮ ನಂಬರ್ ಹಾಕಿಸಿ, ಅಷ್ಟೇ.

ಗುಂಡಿ ಫೋನಿನ ಬಗ್ಗೆ ಜಾಸ್ತಿ ಹೇಳೋಕೆ ಏನಿಲ್ಲ. "ಆಂಟಿ, ನಿಮಗೆ ಗುಂಡಿ ಅಭ್ಯಾಸ ಇದೆ, ಇದೇ ಸುಲಭ" ಅಂತ ಅಂಗಡಿ ಹುಡುಗ ಕೊಟ್ಟ. ಚಾರ್ಜ್ ಎರಡು ಮೂರು ದಿನ ಬರುತ್ತೆ, ಕೈಜಾರಿ ಬಿದ್ದರೂ ಏನೂ ಆಗಲ್ಲ. ಆದರೆ ಪರದೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಅದರಲ್ಲಿ ಡಿಸೈನ್ ನೋಡಿದರೆ ಕಟೋರಿ ಯಾವುದು, ಪ್ರಿನ್ಸೆಸ್ ಕಟ್ ಯಾವುದು ಅಂತ ನನ್ನ ಕಣ್ಣಿಗೇ ಗೊತ್ತಾಗುತ್ತಿರಲಿಲ್ಲ. ಒಂದು ಗುಂಡಿಗೆ ಮೂರು ನಾಲ್ಕು ಅಕ್ಷರ. 'ನಾಳೆ ಬನ್ನಿ' ಅಂತ ಬರೆಯೋ ಹೊತ್ತಿಗೆ ಎರಡು ಹುಕ್ಕು ಹಾಕಬಹುದು. ಈಗ ಅದು ನಮ್ಮ ಅತ್ತೆಯವರ ಹತ್ತಿರ ಇದೆ. ಅವರು ಮಾತಾಡೋಕೆ ಮಾತ್ರ ಬಳಸುತ್ತಾರೆ, ಅದಕ್ಕೆ ಭೇಷಾಗಿದೆ.

ಇನ್ನು ಟಚ್ ಫೋನು. 2024 ರಲ್ಲಿ ಮಗಳು ಪುಣೆಯಿಂದ ಬಂದಾಗ ಕೊಡಿಸಿದಳು, ದುಡ್ಡು ನಾನೇ ಕೊಟ್ಟೆ. ಮೂರು ದಿನ ಇದ್ದು, ಎಲ್ಲ ಹೇಳಿಕೊಟ್ಟು ಹೋದಳು. ಅವಳು ಇರೋವರೆಗೂ ಸರಿಯಿತ್ತು.

ಅವಳು ಹೋದ ಮಾರನೇ ದಿನದಿಂದ ಫೋನಿನಿಂದ ವಸ್ತುಗಳು ಕಾಣೆಯಾಗೋಕೆ ಶುರುವಾದವು. ಬೆಳಗ್ಗೆ ಪರದೆ ಮೇಲೆ ಇದ್ದ ಯೂಟ್ಯೂಬಿನ ಪುಟ್ಟ ಚಿತ್ರ (ಐಕಾನ್) ಮಧ್ಯಾಹ್ನ ಇಲ್ಲ. ಕ್ಯಾಮೆರಾ ಇನ್ನೊಂದು ಪುಟಕ್ಕೆ ಹೋಗಿ ಕೂತಿದೆ. ನಾನು ಒತ್ತಿದರೆ ತೆರೆಯಲ್ಲ, ಬೆರಳಿಗೆ ಅಂಟಿಕೊಂಡು ಜೊತೆಗೇ ಬರುತ್ತೆ. ಬಿಡಿಸಿಕೊಳ್ಳೋಕೆ ಹೋಗಿ ಮೇಲೆ 'ತೆಗೆದುಹಾಕಿ' ಅಂತ ಇರೋ ಕಡೆ ಬಿಟ್ಟುಬಿಡುತ್ತಿದ್ದೆ. ಫೋನೇ ಕೆಟ್ಟಿದೆ ಅಂತ ಅಂಗಡಿಗೆ ತೆಗೆದುಕೊಂಡು ಹೋದೆ. ಹುಡುಗ ಪಟಪಟ ಅಂತ ನಾಲ್ಕು ಕಡೆ ಮುಟ್ಟಿ, "ಚೆನ್ನಾಗೇ ಇದೆಯಲ್ಲ ಆಂಟಿ" ಅಂದ. ಅವನ ಕೈಯಲ್ಲಿ ಚೆನ್ನಾಗೇ ಇತ್ತು.

ತೊಂದರೆ ನನ್ನ ಹೆಬ್ಬೆರಳಲ್ಲಿ ಇತ್ತು. 26 ವರ್ಷ ಬಟ್ಟೆಯ ಮಡಿಕೆಯನ್ನು ಇದೇ ಬೆರಳಿಂದ ಒತ್ತಿ ಒತ್ತಿ ಕೂರಿಸಿದ್ದೇನೆ. ಒತ್ತೋದು ಅಂದರೆ ನನ್ನ ಕೈಗೆ ಗೊತ್ತಿರೋದು ಅದೊಂದೇ: ಇಟ್ಟು, ಅದುಮಿ, ಒಂದು ಗಳಿಗೆ ಹಿಡಿಯೋದು. ಫೋನಿಗೆ ಬೇಕಾಗಿರೋದು ಅದಲ್ಲ. ಬಿಸಿ ಇಸ್ತ್ರಿಪೆಟ್ಟಿಗೆ ಕಾದಿದೆಯಾ ಅಂತ ನೋಡುತ್ತೇವಲ್ಲ, ಹಾಗೆ ಮುಟ್ಟಿ ತೆಗೆಯಬೇಕು. ಅರ್ಧ ಸೆಕೆಂಡ್ ಜಾಸ್ತಿ ಇಟ್ಟರೂ ಅದು ಬೇರೆ ಅರ್ಥ ಮಾಡಿಕೊಳ್ಳುತ್ತೆ. ಮುಟ್ಟಿದರೆ ತೆರೆಯೋದು, ಒತ್ತಿ ಹಿಡಿದರೆ ಎತ್ತಿಕೊಳ್ಳೋದು. ಈ ಎರಡು ಬೇರೆ ಬೇರೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಮಗಳಿಗೂ ಹೇಳಬೇಕು ಅಂತ ಹೊಳೆದಿಲ್ಲ. ನಡೆಯೋಕೆ ಬರೋವರಿಗೆ ನಡೆಯೋದು ಹೇಗೆ ಅಂತ ಹೇಳಿಕೊಡೋಕೆ ಬರಲ್ಲ, ಅಲ್ವಾ.

ಚಿತ್ರಗಳು ಹೋದರೆ ಹೋಗಲಿ, ಹುಡುಕಿದರೆ ಒಳಗೆಲ್ಲೋ ಸಿಗುತ್ತವೆ. ನನಗೆ ನಿಜವಾದ ಪೆಟ್ಟು ಬಿದ್ದಿದ್ದು ವಾಟ್ಸಾಪಿನಲ್ಲಿ. ಮದುವೆ ಸೀಸನ್. ಒಬ್ಬರು ಮೂರು ಬ್ಲೌಸ್ ಕೊಟ್ಟು, ಕತ್ತಿನ ಡಿಸೈನ್ ಕಳಿಸುತ್ತೇನೆ ಅಂತ ಹೋಗಿದ್ದರು. ನಾನು ಅವರ ಹೆಸರಿನ ಮೇಲೆ ಬೆರಳಿಟ್ಟೆ, ಎಂದಿನ ಹಾಗೆ ಅದುಮಿ. ಮೇಲೆ ಒಂದಷ್ಟು ಚಿತ್ರ ಬಂದವು. ಅದರಲ್ಲಿ ಒಂದು ಡಬ್ಬಿ, ಡಬ್ಬಿಯೊಳಗೆ ಕೆಳಗೆ ಹೋಗುವ ಬಾಣ. ಫೋಟೋ ಇಳಿಸಿಕೊಳ್ಳೋದು ಇದೇ ಇರಬೇಕು ಅಂತ ಒತ್ತಿದೆ. ಅದು ಆರ್ಕೈವ್. ಅವರ ಮಾತುಕತೆಯನ್ನೇ ಎತ್ತಿ ಅಟ್ಟದ ಮೇಲೆ ಇಟ್ಟುಬಿಟ್ಟಿತು. ಆಮೇಲೆ ಅವರು ಏನು ಕಳಿಸಿದರೂ ಅಲ್ಲೇ ಹೋಗಿ ಸೇರುತ್ತೆ, ಸದ್ದೂ ಇಲ್ಲ.

ಡಿಸೈನ್ ಬರಲಿಲ್ಲ ಅಂತ ನಾನು ಅಳತೆ ಬ್ಲೌಸಿನ ಪ್ರಕಾರ ಒಂದಕ್ಕೆ ಬೆನ್ನು ಆಳವಾಗಿ ಕತ್ತರಿಸಿದೆ. ಶುಕ್ರವಾರ ಅವರು ಬಂದರು. ಭಾನುವಾರ ಮದುವೆ. ಅವರು ಕಳಿಸಿದ್ದು ಬೋಟ್ ನೆಕ್, ಅಂದರೆ ಕತ್ತಿನ ಬುಡಕ್ಕೇ ಬರೋದು. ಮೇಲಿರೋ ಕತ್ತನ್ನು ಆಳ ಮಾಡಬಹುದು, ಆಳ ಕತ್ತರಿಸಿದ್ದಕ್ಕೆ ಬಟ್ಟೆ ಎಲ್ಲಿಂದ ತರೋದು? ಸೀರೆಯ ಜೊತೆ ಬಂದ ಬ್ಲೌಸ್ ಪೀಸು ಅದು, ಅಂಗಡಿಯಲ್ಲಿ ಸಿಗೋದಲ್ಲ. ಕೊನೆಗೆ ಬಣ್ಣ ಹೊಂದೋ ನೆಟ್ ಬಟ್ಟೆ ತಂದು ಬೆನ್ನಿಗೆ ಹಾಕಿ, ಅಂಚಿಗೆ ಪೈಪಿಂಗ್ ಕೊಟ್ಟು ಮುಚ್ಚಿದೆ. ಕೂಲಿ ತೆಗೆದುಕೊಳ್ಳಲಿಲ್ಲ. "ಎರಡು ನೀಲಿ ಟಿಕ್ ಬರದೇ ಇದ್ದಾಗಲೇ ನಾನು ಫೋನ್ ಮಾಡಬೇಕಿತ್ತು ಅಕ್ಕ" ಅಂದರು ಪಾಪ. ಟಿಕ್ ಅಂತ ಒಂದು ಇದೆ, ನಾವು ಓದಿದರೆ ಅದು ನೀಲಿ ಆಗುತ್ತೆ ಅಂತಲೂ ನನಗೆ ಅವತ್ತೇ ಗೊತ್ತಾಗಿದ್ದು.

ಇದಕ್ಕೆ ಮದ್ದು ಫೋನಿನಲ್ಲೇ ಇದೆ. ಎಷ್ಟು ಹೊತ್ತು ಒತ್ತಿದರೆ 'ಒತ್ತಿ ಹಿಡಿದ' ಲೆಕ್ಕ ಅಂತ ನಾವೇ ಬದಲಾಯಿಸಬಹುದು. ಕಮ್ಮಿ, ಮಧ್ಯಮ, ಜಾಸ್ತಿ ಅಂತ ಇರುತ್ತೆ. ಜಾಸ್ತಿ ಹಾಕಿದರೆ ನಿಧಾನದ ಬೆರಳನ್ನೂ ಫೋನು ಸಹಿಸಿಕೊಳ್ಳುತ್ತೆ. ಆದರೆ ಅದನ್ನು ಹುಡುಕೋಕೆ ನನಗೂ ಮಗಳಿಗೂ ಒಂದು ವಾರ ಹಿಡಿಯಿತು. ಯಾಕೆ ಅಂದರೆ ನನ್ನ ಫೋನು ಕನ್ನಡದಲ್ಲಿತ್ತು, ಅವಳದ್ದು ಇಂಗ್ಲಿಷಿನಲ್ಲಿ.

"ಅಮ್ಮ, ಸೆಟ್ಟಿಂಗ್ಸ್‌ಗೆ ಹೋಗು. ಆ್ಯಕ್ಸೆಸಿಬಿಲಿಟಿ ಅಂತ ಇರುತ್ತೆ ನೋಡು."

"ಇಲ್ಲ ಕಣೇ."

"ಇರುತ್ತಮ್ಮ, ಸರಿಯಾಗಿ ನೋಡು."

ಸರಿಯಾಗಿ ನೋಡೋಕೆ ಫೋನನ್ನು ಕಿವಿಯಿಂದ ತೆಗೆಯಬೇಕು, ತೆಗೆದರೆ ಅವಳ ಮಾತು ಕೇಳಿಸಲ್ಲ. ಸ್ಪೀಕರ್ ಹಾಕೋದು ಕಲಿತಿದ್ದೇ ಆ ವಾರ. ನನ್ನ ಫೋನಿನಲ್ಲಿ ಆ ಜಾಗದ ಹೆಸರು 'ಪ್ರವೇಶಿಸುವಿಕೆ' ಅಂತಿತ್ತು. ಎಲ್ಲೋ ಒಳಗೆ ಹೋಗೋದಿರಬೇಕು, ನಮಗ್ಯಾಕೆ ಅಂತ ನಾನು ದಿನಾ ದಾಟಿಕೊಂಡು ಹೋಗುತ್ತಿದ್ದೆ. ಕೊನೆಗೆ ಮಗಳು ತನ್ನ ಫೋನನ್ನೂ ಕನ್ನಡಕ್ಕೆ ಬದಲಾಯಿಸಿ ನೋಡಿದಳು, ಎರಡು ನಿಮಿಷದಲ್ಲಿ ಸಿಕ್ಕಿತು. ವಾಪಸ್ ಇಂಗ್ಲಿಷಿಗೆ ಹೋಗೋಕೆ ಹತ್ತು ನಿಮಿಷ ಒದ್ದಾಡಿದಳಂತೆ. ನನಗೆ ಸ್ವಲ್ಪ ಖುಷಿಯೇ ಆಯಿತು.

ಹಾಗಾದರೆ ಫೋನನ್ನು ಕನ್ನಡದಲ್ಲಿ ಇಡಬೇಕಾ, ಇಂಗ್ಲಿಷಿನಲ್ಲಾ? ಈ ಪದಗಳು ಕಂಡವರೆಲ್ಲ ಇಂಗ್ಲಿಷೇ ವಾಸಿ ಅನ್ನುತ್ತಾರೆ. ನಾನು ಒಪ್ಪಲ್ಲ. 'ಪ್ರವೇಶಿಸುವಿಕೆ' ಅಂತ ಒಂದು ಅರ್ಥವಾಗದಿದ್ದರೆ 'ಕಳುಹಿಸಿ', 'ರದ್ದುಮಾಡಿ', 'ಅಳಿಸಿ' ಅಂತ ಹತ್ತು ಅರ್ಥವಾಗುತ್ತವೆ. 'ಅಳಿಸಿ' ಅಂತ ಕಂಡರೆ ಕೈ ತಾನಾಗಿ ನಿಲ್ಲುತ್ತೆ. ಅದೇ ಇಂಗ್ಲಿಷಿನಲ್ಲಿದ್ದರೆ ಅಕ್ಷರ ಕೂಡಿಸಿ ಓದೋಷ್ಟರಲ್ಲಿ ಬೆರಳು ಒತ್ತಿರುತ್ತೆ. ಕನ್ನಡ ಓದೋಕೆ ಬರೋವರು ಕನ್ನಡದಲ್ಲೇ ಇಡಿ. ಹೇಳಿಕೊಡೋ ಮಕ್ಕಳು ಬೇಕಾದರೆ ಒಂದು ದಿನ ತಮ್ಮ ಫೋನನ್ನು ಕನ್ನಡ ಮಾಡಿಕೊಳ್ಳಲಿ.

ಟಚ್ ಫೋನು ಗೆದ್ದಿದ್ದು ಮೈಕಿನಿಂದ. ಗೂಗಲ್‌ನ ಕೀಬೋರ್ಡಿಗೆ ಕನ್ನಡ ಮಾತು ಕೇಳಿ ಬರೆಯೋದು 2017 ರಲ್ಲೇ ಬಂದಿತ್ತಂತೆ. ನಾನು ಕ್ಲಾಸಿನಲ್ಲಿ ಎಫ್ ಒತ್ತಿ ಒತ್ತಕ್ಷರ ಕಲಿಯೋವಾಗ ಇದು ಆಗಲೇ ಇತ್ತು! ಒಬ್ಬರೂ ಹೇಳಲಿಲ್ಲ. ಈಗ ಮೈಕ್ ಒತ್ತಿ "ಪಫ್ ತೋಳು ಕಟಿಂಗ್" ಅಂದರೆ ಯೂಟ್ಯೂಬ್ ಸಾಲಾಗಿ ತೋರಿಸುತ್ತೆ. ಮಿಷನ್ ನಿಲ್ಲಿಸಿ ಮಾತಾಡಬೇಕು, ಇಲ್ಲದಿದ್ದರೆ ಏನೇನೋ ಬರೆಯುತ್ತೆ. ನಿಲ್ಲಿಸಿದರೂ ಕೆಲವು ಸಲ ಎಡವುತ್ತೆ. ನಾವು ಹಳಬರು ಲೈನಿಂಗಿಗೆ ಅಸ್ತರ್ ಅನ್ನುತ್ತೇವೆ. "ಅಸ್ತರ್ ನಿಮ್ಮದಾ ನಂದಾ" ಅಂತ ಹೇಳಿದೆ, "ಅಸ್ತ್ರ ನಿಮ್ಮದಾ ನಂದಾ" ಅಂತ ಹೋಯಿತು. ಗಿರಾಕಿ ಯುದ್ಧಕ್ಕೆ ಬರಲಿಲ್ಲ ಸದ್ಯ. ಈಗ ಕಳಿಸೋಕೆ ಮುಂಚೆ ಒಂದು ಸಲ ಓದುತ್ತೇನೆ. ಅಳತೆ ಮಾತ್ರ ಮೈಕಿಗೆ ಹೇಳಲ್ಲ, ಅಳತೆ ಪುಸ್ತಕದ ಪುಟದ ಫೋಟೋ ತೆಗೆದು ಇಟ್ಟುಕೊಳ್ಳುತ್ತೇನೆ.

ದುಡ್ಡಿನ ವಿಷಯ. ಆರು ತಿಂಗಳು ಯುಪಿಐ ಹಾಕಿಸಲಿಲ್ಲ, ಹೆದರಿಕೆ. ಆಮೇಲೆ ಬೇರೆ ಒಂದು ಖಾತೆ ತೆರೆದು ಅದಕ್ಕೆ ಕ್ಯೂಆರ್ ಮಾಡಿಸಿ ಮಿಷನ್ ಪಕ್ಕ ಅಂಟಿಸಿದೆ. ಅದರಲ್ಲಿ ಎರಡು ಮೂರು ಸಾವಿರಕ್ಕಿಂತ ಜಾಸ್ತಿ ಇಡಲ್ಲ. ದುಡ್ಡು ಬರೋಕೆ ಪಿನ್ ಬೇಕಿಲ್ಲ, ಹೋಗೋಕೆ ಮಾತ್ರ ಬೇಕು. ಪಿನ್ ಹಾಕಿದರೆ ದುಡ್ಡು ಬರುತ್ತೆ ಅಂತ ಯಾರಾದರೂ ಅಂದರೆ ಫೋನ್ ಇಟ್ಟುಬಿಡಿ. ಮೋಸ ಆಗಿಹೋಗಿದ್ದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930 ಕ್ಕೆ ಹೇಳಬೇಕು. ಆ ನಂಬರ್ ಕ್ಯಾಲೆಂಡರಿನ ಮೇಲೆ ಬರೆದಿಟ್ಟಿದ್ದೇನೆ, ಫೋನಿನಲ್ಲಿ ಅಲ್ಲ. ಫೋನೇ ಕೈಕೊಟ್ಟರೆ?

ಡೇಟಾ ದಿನಕ್ಕೆ 1.5 ಜಿಬಿ. ವಿಡಿಯೋ ಒಂದರ ಹಿಂದೆ ಒಂದು ತಾನಾಗಿ ಓಡೋದನ್ನು ನಿಲ್ಲಿಸಿದ ಮೇಲೆ ಸಂಜೆವರೆಗೂ ಸಾಕಾಗುತ್ತೆ.

ಆಫೀಸ್ ಕೆಲಸಕ್ಕೆ ಸೇರಬೇಕು ಅನ್ನೋರು, ಮನೆಯಲ್ಲಿ ಕಂಪ್ಯೂಟರ್ ಇರೋರು ಕ್ಲಾಸಿಗೆ ಹೋಗಲಿ, ನುಡಿ ಕಲಿಯಲಿ. ಕಣ್ಣು ಮಂಜಾದವರಿಗೆ, ಬರೀ ಮಾತಾಡೋರಿಗೆ ಗುಂಡಿ ಫೋನ್ ಸಾಕು. ನನ್ನಂಥವರಿಗೆ, ಅಂದರೆ ಕೈಯಲ್ಲಿ ಕಸುಬು ಇದ್ದು, ಕನ್ನಡ ಓದೋಕೆ ಬಂದು, ಒಂದೇ ಸಲ ದುಡ್ಡು ಹಾಕೋಕೆ ಆಗೋರಿಗೆ, ನೇರ ಟಚ್ ಫೋನ್. 8,500 ಕ್ಕಿಂತ ದುಬಾರಿದು ಬೇಡ. ಮೊದಲ ವಾರ ಪರದೆ ಮೇಲೆ ಐದೇ ಚಿತ್ರ ಇರಲಿ, ಮಿಕ್ಕಿದ್ದೆಲ್ಲ ಒಳಗೆ ಹಾಕಿಸಿ. ಅಂಗಡಿಯಲ್ಲಿ ಗಾಜಿನ ಕಾಗದ ಅಂಟಿಸುವಾಗಲೇ ಆ ಒತ್ತಿ ಹಿಡಿಯೋ ಸೆಟ್ಟಿಂಗನ್ನು 'ಜಾಸ್ತಿ'ಗೆ ಹಾಕಿಸಿಕೊಂಡು ಬನ್ನಿ. ಹುಡುಗ ನಗಬಹುದು, ನಗಲಿ. ನನ್ನದು ಈಗಲೂ ಜಾಸ್ತಿಯಲ್ಲೇ ಇದೆ. ಮೊನ್ನೆ ಮಗಳು ಬಂದವಳು ನನ್ನ ಫೋನ್ ತೆಗೆದುಕೊಂಡು ಒಂದು ಮೆಸೇಜ್ ಅಳಿಸೋಕೆ ನೋಡಿ, "ಇದ್ಯಾಕಮ್ಮ ಎಷ್ಟು ಒತ್ತಿದರೂ ಆಗ್ತಿಲ್ಲ" ಅಂದಳು. ಅದುಮಿ ಹಿಡಿ ಕಣೇ, ಮಡಿಕೆ ಕೂರಿಸೋ ಹಾಗೆ, ಅಂದೆ.