ಕಾರ್ಬನ್ ಎಳೆ ಚಿನ್ನ, ಬೆಳ್ಳಿ ತಂತಿಯದ್ದೇ ಕಾಟ

ಇಲಿಯ ಮಿದುಳಲ್ಲಿ ನರಕೋಶಗಳ ಸಂದೇಶ ಒಯ್ಯುವ ಡೋಪಮೈನ್ ಬಿಡುಗಡೆಯಾಗುವುದನ್ನು ಅಳೆಯಲು ವರ್ಷಗಳಿಂದ ಫಾಸ್ಟ್ ಸ್ಕ್ಯಾನ್ ವೋಲ್ಟಾಮೆಟ್ರಿ ಬಳಸುತ್ತಿದ್ದೇನೆ. ಮಿದುಳಿಗಿಳಿಸಿದ ಕಾರ್ಬನ್ ಎಳೆಯ ಎಲೆಕ್ಟ್ರೋಡಿಗೆ ವೋಲ್ಟೇಜು ಏರಿಳಿಸಿ, ಹರಿಯುವ ಕರೆಂಟಿನಿಂದ ಡೋಪಮೈನನ್ನು ಗುರುತಿಸುವ ವಿಧಾನ ಇದು. ಯಂತ್ರದ ವಿವರ ಕೈಪಿಡಿಯಲ್ಲಿದೆ, ಬಿಡಿ.

ರೆಡಿಮೇಡ್ ಎಲೆಕ್ಟ್ರೋಡ್ ನಮ್ಮ ಲ್ಯಾಬಿನ ಬಜೆಟ್ಟಿಗೆ ಜಾಸ್ತಿ. ಹಾಗಾಗಿ ನಾನೇ ಮಾಡಿಕೊಳ್ಳುತ್ತೇನೆ. ಕಾರ್ಬನ್ ಎಳೆಯ ದಪ್ಪ ಬರೀ 7 ಮೈಕ್ರಾನ್. ಬಿಳಿ ಹಾಳೆ ಹಾಸದಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಗಾಜಿನ ಕೊಳವೆಯ ಬಾಯಿಗೆ ಅದರ ತುದಿ ಹಿಡಿದು, ಆ ಕಡೆಯಿಂದ ವ್ಯಾಕ್ಯೂಮ್ ಕೊಟ್ಟರೆ ಸರ್ರನೆ ಒಳಗೆ ಹೋಗುತ್ತದೆ. ಕೊಳವೆಯನ್ನು ಕಾಯಿಸಿ ಜಗ್ಗುವ ಪುಲ್ಲರ್ ಯಂತ್ರದಲ್ಲಿ ಗಾಜು ಕಾದು ಸಣ್ಣಗಾಗಿ ಎಳೆಯನ್ನು ಬಿಗಿಯಾಗಿ ಅಪ್ಪುತ್ತದೆ. ಕೊನೆಗೆ ಮೈಕ್ರೋಸ್ಕೋಪಿನಡಿ, ಹೊಸ ಬ್ಲೇಡಿನಲ್ಲಿ, 100 ಮೈಕ್ರಾನಿನಷ್ಟು ಹೊರಗುಳಿಯುವಂತೆ ಕತ್ತರಿಸಬೇಕು. ಆಗ ಉಸಿರು ಬಿಗಿಹಿಡಿದೇ ಇರುತ್ತೇನೆ. ದಿನದ ಕೆಲಸದಲ್ಲಿ ನನಗೆ ತುಂಬಾ ಇಷ್ಟ ಇದೇ.

ಎಳೆಗೆ ಕೊಡುವ ವೋಲ್ಟೇಜು -0.4 ವೋಲ್ಟಿನಿಂದ 1.3ಕ್ಕೆ ಏರಿ ಇಳಿಯಲು 10 ಮಿಲಿಸೆಕೆಂಡೂ ಬೇಡ. ಸೆಕೆಂಡಿಗೆ 10 ಸಲ ಹೀಗೆ. ಇಲಿಗೆ ಇದ್ದಕ್ಕಿದ್ದಂತೆ ಸಕ್ಕರೆ ಗುಳಿಗೆ ಸಿಕ್ಕಿದರೆ, 0.6 ವೋಲ್ಟಿನ ಆಸುಪಾಸಿನಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಡೋಪಮೈನಿನ ಗುರುತಾದ ಹಸಿರು ಮಚ್ಚೆ ಮೂಡುತ್ತದೆ. ಮಿದುಳಿನ ರಾಸಾಯನಿಕಗಳನ್ನು ಪೊರೆಯ ಮೂಲಕ ಹೊರತೆಗೆದು ಅಳೆಯುವ ಮೈಕ್ರೋಡಯಾಲಿಸಿಸ್‌ನಲ್ಲಿ ಒಂದೊಂದು ಸ್ಯಾಂಪಲ್ಲಿಗೂ 10 ನಿಮಿಷ ಕಾದವರಿಗೆ ಈ ಖುಷಿ ಅರ್ಥವಾಗುತ್ತದೆ, ಅಲ್ವಾ? ಆದರೆ ಇದು ತೋರಿಸುವುದು ಏರಿಳಿತ ಮಾತ್ರ. ಮೊದಲೇ ಇದ್ದ ಮಟ್ಟ ಬೇಕೆಂದರೆ ಮೈಕ್ರೋಡಯಾಲಿಸಿಸ್ಸೇ ಗತಿ.

ತಲೆನೋವು ಶುರುವಾಗುವುದು ರೆಫರೆನ್ಸಿನಿಂದ, ಅಂದರೆ ಎಳೆಯ ವೋಲ್ಟೇಜನ್ನು ಯಾವುದಕ್ಕೆ ಹೋಲಿಸಿ ಅಳೆಯುತ್ತೇವೋ ಆ ಎರಡನೇ ಎಲೆಕ್ಟ್ರೋಡಿನಿಂದ. ಬೆಳ್ಳಿ ತಂತಿಯನ್ನು ಹೈಡ್ರೋಕ್ಲೋರಿಕ್ ಆಸಿಡ್ಡಿನಲ್ಲಿ ಅದ್ದಿ ಬ್ಯಾಟರಿಯ ಪ್ಲಸ್ ತುದಿಗೆ ಸೇರಿಸಿದರೆ ಹೊಳಪು ಹೋಗಿ ಬೂದು ಲೇಪ ಕೂರುತ್ತದೆ. ಒಂದು ದಿನದ ಪ್ರಯೋಗಕ್ಕೆ ಅಷ್ಟು ಸಾಕು. ವಾರಗಟ್ಟಲೆ ಮಿದುಳಲ್ಲಿ ಕೂತರೆ ಲೇಪ ಸವೆಯುತ್ತದೆ. ಆಮೇಲೆ ನಾವು ಕೊಡುವ ವೋಲ್ಟೇಜೇ ಒಂದು, ಎಳೆಗೆ ತಲುಪುವುದೇ ಇನ್ನೊಂದು. ಡೋಪಮೈನಿನ ಗುರುತು ಜಾಗ ಬಿಟ್ಟು ಸರಿಯುತ್ತದೆ. ಪಿಎಚ್ (ಆಮ್ಲೀಯತೆ) ಬದಲಾದಾಗ ಮೂಡುವ ಗುರುತಿನಿಂದ ಅದನ್ನು ಬೇರ್ಪಡಿಸುವುದೂ ಕಷ್ಟವಾಗುತ್ತದೆ. ಅಷ್ಟು ದಿನ ತರಬೇತಿ ಕೊಟ್ಟ ಇಲಿ, ಚೆನ್ನಾಗಿಯೇ ಇರುವ ಎಳೆ, ಎರಡೂ ಒಂದು ತಂತಿಯಿಂದಾಗಿ ದಂಡ. ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಪಕ್ಕದ ಬೆಂಚಿನವರು 2018ರಲ್ಲಿ ಬಂದ ಡಿಲೈಟ್ (dLight) ಸೆನ್ಸರಿಗೆ ಹೋಗಿದ್ದಾರೆ. ಡೋಪಮೈನ್ ಅಂಟಿದರೆ ಹೆಚ್ಚು ಬೆಳಗುವ ಪ್ರೋಟೀನು ಅದು. ಅದರ ಜೀನನ್ನು ವೈರಸ್ ಮೂಲಕ ಮಿದುಳಿಗೆ ಹಾಕಿ ವಾರಗಟ್ಟಲೆ ಕಾಯಬೇಕು, ಆದರೆ ಆಮೇಲೆ ಬಹಳ ದಿನ ಓಡುತ್ತದೆ. ಬೆಳ್ಳಿಯ ಗೋಜೇ ಇಲ್ಲ. ಆದರೆ ಡೋಪಮೈನ್ ಎಷ್ಟು ನ್ಯಾನೋಮೋಲಾರ್ (ಸಾಂದ್ರತೆಯ ಅಳತೆ) ಏರಿತು ಎಂದು ಬೆಳಕು ನೋಡಿ ಹೇಳುವುದು ಸುಲಭವಲ್ಲ. ನನ್ನ ಕೆಲಸಕ್ಕೆ ಆ ಲೆಕ್ಕವೇ ಮುಖ್ಯ.

ಆದ್ದರಿಂದ ನಾನು ಎಳೆಯನ್ನು ಬಿಟ್ಟಿಲ್ಲ. ಒಂದು ದಿನದ ಪ್ರಯೋಗವಾದರೆ ಕಣ್ಣುಮುಚ್ಚಿ ತೆಗೆದುಕೊಳ್ಳಿ. ದೀರ್ಘ ಪ್ರಯೋಗವಾದರೆ ರೆಫರೆನ್ಸಿಗೆ ಬೇರೆ ಗೈಡ್ ಕ್ಯಾನ್ಯುಲಾ (ತಂತಿ ಇಳಿಸುವ ಕಿರುಕೊಳವೆ) ಕೂರಿಸಿ, ಪ್ರತಿ ಸಲವೂ ಹೊಸದಾಗಿ ಲೇಪಿಸಿದ ತಂತಿ ಇಳಿಸಿ. ನಾವು ಹಾಗೆ ಮಾಡತೊಡಗಿದ ಮೇಲೆ ಮಚ್ಚೆ ತನ್ನ ಜಾಗದಲ್ಲೇ ಇದೆ.